ಟವೆಲ್ ಹಾಕಿದ ಸೀಟು

ರೈಲಿನ ಟಿಕೆಟ್ ಬುಕ್ ಮಾಡುವ ಆ್ಯಪ್ ಕಂಡರೆ ನನಗೆ ಆಗುವುದಿಲ್ಲ. ಕಡೂರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ, ಹಟಮಾರಿ ಗಿರಾಕಿಗಳನ್ನು ಸಾಕಷ್ಟು ನೋಡಿದ್ದೇನೆ. ಬ್ಲೌಸಿನ ತೋಳು ಬಿಗಿಯಾಯಿತು ಅಂತ ಜಗಳಕ್ಕೆ ಬರುವವರು ಕೂಡ ತಮಗೆ ಏನು ಬೇಕು ಅನ್ನುವುದನ್ನು ಬಾಯಿಬಿಟ್ಟು ಹೇಳುತ್ತಾರೆ. ಇದು ಹೇಳುವುದಿಲ್ಲ. ಹೆಸರು, ವಯಸ್ಸು, ಊರು ಎಲ್ಲವನ್ನೂ ತುಂಬಿಸಿಕೊಂಡು, ಕೊನೆಯಲ್ಲಿ ಸಮಯ ಮೀರಿದೆ ಅಂತ ಬಾಗಿಲು ಹಾಕಿಕೊಳ್ಳುತ್ತದೆ.

ಹೋದ ವರ್ಷ ನನಗೆ ಬೇಕಾಗಿದ್ದದ್ದು ಒಂದೇ ಸಾಲಿನಲ್ಲಿ ಮೂರು ಸೀಟು. ಕಾರಣ ನಮ್ಮ ದೊಡ್ಡಮ್ಮ. ಅವರದು ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ. ಎರಡೂ ಕಣ್ಣಿಗೆ ಪೊರೆ ಬಂದು, ಹಸಿರು ಬಳೆ ಕೇಳಿದವರಿಗೆ ನೀಲಿ ತೊಡಿಸುವ ಮಟ್ಟಕ್ಕೆ ಬಂದಿದ್ದರು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಎರಡು ಸಲ ದಿನ ಗೊತ್ತು ಮಾಡಿದ್ದೆವು. ಎರಡು ಸಲವೂ ಹೊರಡುವ ಬೆಳಿಗ್ಗೆ ಹೆದರಿ, ಹೊಟ್ಟೆನೋವು ಅಂತ ಹೊದ್ದು ಮಲಗಿಬಿಟ್ಟರು. ಇನ್ನೂ ತಡ ಮಾಡಿದರೆ ಪೊರೆ ಗಟ್ಟಿಯಾಗಿ ಕಷ್ಟವಾಗುತ್ತದೆ ಎಂದು ಡಾಕ್ಟರು ಫೋನಿನಲ್ಲೇ ಗದರಿದ ಮೇಲೆ ದೊಡ್ಡಮ್ಮ ಒಪ್ಪಿದರು. ಒಪ್ಪಿ, ಒಂದು ಷರತ್ತು ಹಾಕಿದರು.

"ಒಂದ್ ಕಡೆ ನಿಮ್ಮಮ್ಮ ಕೂರ್ಬೇಕು, ಇನ್ನೊಂದ್ ಕಡೆ ಚಿಕ್ಕೋಳು ಕೂರ್ಬೇಕು. ಮಧ್ಯ ನಾನು. ಇಲ್ಲಾಂದ್ರೆ ಮುಂದಿನ್ ಸ್ಟೇಷನ್ನಲ್ಲೇ ಇಳ್ಕೊಂಡು ವಾಪಸ್ ಬಂದ್ಬಿಡ್ತೀನಿ ಕಣೇ."

ಇಳಿಯುವವರೇ, ಅನುಮಾನ ಬೇಡ. ಆದರೆ ಅಕ್ಕತಂಗಿಯರು ಮೂವರೂ ಮೂರು ಊರಿನಲ್ಲಿದ್ದಾರೆ. ನಡುವಿನವರಾದ ನಮ್ಮಮ್ಮ ನನ್ನ ಜೊತೆ ಕಡೂರಿನಲ್ಲಿ, ಚಿಕ್ಕಮ್ಮ ಅಜ್ಜಂಪುರದಲ್ಲಿ ಊಟದ ಮೆಸ್ ನಡೆಸಿಕೊಂಡು. ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆಯ ಕಡೆ ತಿರುಗುತ್ತದೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ ಹೋಗುತ್ತದೆ. ತರೀಕೆರೆಯಿಂದ ದೊಡ್ಡಮ್ಮ ಹಿಂದಿನ ದಿನವೇ ಬಸ್ಸಿನಲ್ಲಿ ನಮ್ಮ ಮನೆಗೆ ಬಂದು, ಬೆಳಿಗ್ಗೆ ಕಡೂರಿನಲ್ಲಿ ಹತ್ತುವುದು ಅಂತ ಆಯಿತು.

ಮೊದಲು ದರ ಎಷ್ಟು ಅಂತ ತಿಳಿಯೋಣ ಎಂದು ಕೂತೆ. ನಾನು ಚಿಕ್ಕವಳಿದ್ದಾಗ ಸ್ಟೇಷನ್ನಿನ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆದಿರುತ್ತಿತ್ತು, ಯಾವ ಊರಿಗೆ ಎಷ್ಟು ಅಂತ. ಓದಲು ಬಾರದವರು ಪಕ್ಕದವರನ್ನು ಕೇಳುತ್ತಿದ್ದರು, ಅಷ್ಟೇ. ಈಗ ಅದೇ ರೈಲು, ಅದೇ ಸೀಟು, ನೋಡಿದ ಕಡೆಯೆಲ್ಲ ಬೇರೆ ಬೇರೆ ದರ. ಮೊದಲ ಪುಟದಲ್ಲಿ ಒಂದು, ಹಣ ಕಟ್ಟುವ ಪುಟದಲ್ಲಿ ಇನ್ನೊಂದು. ನಡುವೆ ಸೇವೆಯ ಶುಲ್ಕ, ವಿಮೆ, ರದ್ದಾದರೆ ಪೂರ್ತಿ ವಾಪಸ್ ಅನ್ನುವ ಇನ್ನೇನೋ. ಎಲ್ಲಕ್ಕೂ ನನ್ನನ್ನು ಕೇಳದೆಯೇ ಟಿಕ್ ಹಾಕಿಕೊಂಡಿತ್ತು. ಒಂದೊಂದಾಗಿ ಅಳಿಸಿ ಮುಂದೆ ಹೋದರೆ ವಕ್ರವಕ್ರ ಅಕ್ಷರಗಳ ಚಿತ್ರ ಬಂತು, ನಾನು ಮನುಷ್ಯಳೇ ಅಂತ ಸಾಬೀತು ಮಾಡಲು. ಸೂಜಿಗೆ ದಾರ ಪೋಣಿಸುವ ಕಣ್ಣು ನನ್ನದು, ಆದರೂ ಸೊನ್ನೆ ಯಾವುದು, ಇಂಗ್ಲಿಷಿನ ಓ ಅಕ್ಷರ ಯಾವುದು ತಿಳಿಯಲಿಲ್ಲ. ಮೂರು ಸಲ ತಪ್ಪಿದ ಮೇಲೆ ನಾನು ಮನುಷ್ಯಳಲ್ಲ ಅಂತ ತೀರ್ಮಾನವಾಯಿತು.

"ಅದ್ಯಾಕೆ ಫೋನಿಗೆ ಬೈತೀಯಾ, ಸ್ಟೇಷನ್ನಿಗೆ ಹೋಗಿ ಕೇಳ್ಬಾರ್ದಾ?" ಅಂದರು ಅಮ್ಮ. ಹೋದೆ. ಕೌಂಟರಿನ ಮುಂದೆ ಕ್ಯೂ ಬಾಗಿಲಿನವರೆಗೂ ಇತ್ತು, ನನ್ನ ಸರದಿ ಬರುವಷ್ಟರಲ್ಲಿ ಕಿಟಕಿ ಮುಚ್ಚಿತು. ಮತ್ತೆ ಆ್ಯಪಿನ ಕಾಲಿಗೇ ಬಿದ್ದೆ.

ಅಜ್ಜಂಪುರದಿಂದ ಹುಡುಕಿದರೆ ಸೀಟೇ ಇಲ್ಲ. ಕಡೂರಿನಿಂದ ಹುಡುಕಿದರೆ ಇದೆ. ರೈಲು ಒಂದೇ! ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, 'ಲಭ್ಯತೆ ಬದಲಾಗಬಹುದು' ಎಂಬ ಮಾತು ಬೇರೆ. ತಡ ಮಾಡದೆ, ನನ್ನನ್ನೂ ಸೇರಿಸಿ ನಾಲ್ಕೂ ಜನಕ್ಕೆ ಕಡೂರಿನಿಂದಲೇ ಹಣ ಕಟ್ಟಿದೆ. ಮೂರು ಸೀಟು ಒಂದೇ ಸಾಲಿನಲ್ಲಿ ಬಂದವು, ನನ್ನದು ಎರಡು ಸಾಲು ಹಿಂದೆ. ಅಂಗಡಿಯಲ್ಲಿ ಒಬ್ಬಳೇ ಕೂತಿದ್ದವಳು ಜೋರಾಗಿ ನಕ್ಕುಬಿಟ್ಟೆ.

ಚಿಕ್ಕಮ್ಮನಿಗೆ ಫೋನ್ ಮಾಡಿ, ನೀವೂ ಕಡೂರಿಗೇ ಬಂದು ಹತ್ತಿ ಅಂದೆ.

"ಲೇ, ರೈಲು ನಮ್ಮೂರ್ ಮೇಲೇ ಬರುತ್ತಲ್ಲೇ? ಮುಂದಕ್ ಹೋಗೋಕೆ ಹಿಂದಕ್ ಯಾಕ್ ಬರ್ಲಿ? ಕಡೂರಿಂದ ದುಡ್ ಕಟ್ಟಿದೀಯ, ಅಜ್ಜಂಪುರದಲ್ಲಿ ಹತ್ತಿದ್ರೆ ಅವ್ರಿಗೇ ಲಾಭ. ಯಾರ್ ಕೇಳ್ತಾರೆ?"

ನನಗೂ ಸರಿಯೆನ್ನಿಸಿತು. ಹೆಚ್ಚಿಗೆ ಕೊಟ್ಟು ಕಡಿಮೆ ದೂರ ಹೋಗುವವರನ್ನು ಯಾವ ದೇಶದಲ್ಲಿ ತಡೆಯುತ್ತಾರೆ?

ಆ ಬೆಳಿಗ್ಗೆ ದೊಡ್ಡಮ್ಮನಿಗೆ ಹೊಟ್ಟೆನೋವು ಬರಲಿಲ್ಲ. ಅಮ್ಮ ಕಿಟಕಿಯ ಕಡೆ ಕೂತರು, ದೊಡ್ಡಮ್ಮ ನಡುವೆ. ಮೂರನೆಯ ಸೀಟಿನ ಮೇಲೆ ಅಮ್ಮ ತಮ್ಮ ಕೆಂಪು ಅಂಚಿನ ಟವೆಲ್ ಹಾಸಿದರು. ನಮ್ಮ ಕಡೆ ಬಸ್ಸಾಗಲಿ ರೈಲಾಗಲಿ, ಕಿಟಕಿಯಿಂದ ಟವೆಲ್ ಬಿತ್ತು ಅಂದರೆ ಆ ಸೀಟು ಖಾತೆಯಾದ ಹಾಗೆ. ಹಾಕಿದವರು ಬಾಗಿಲಿನಿಂದ ನಿಧಾನವಾಗಿ ಹತ್ತಿ ಬರಬಹುದು. ಎಂಥ ಒರಟನೂ ಟವೆಲ್ ಎತ್ತಿ ಕೂರುವುದಿಲ್ಲ.

ಬೀರೂರಿನಲ್ಲಿ ನಿಂತಾಗ "ಯಾವೂರ್ ಬಂತೇ?" ಅಂತ ದೊಡ್ಡಮ್ಮ ಕೇಳಿದರು. ಹಳದಿ ಬೋರ್ಡು ಅವರ ಮುಖದ ಎದುರಿಗೇ ಇತ್ತು. ಅಮ್ಮ ಬೀರೂರು ಅಂದರು.

ರೈಲು ಬೀರೂರು ಬಿಟ್ಟ ಮೇಲೆ ಟಿಕೆಟ್ ತಪಾಸಣೆಯವರು ಬಂದರು. ಚಿಕ್ಕ ವಯಸ್ಸಿನವರು, ಕೈಯಲ್ಲಿ ಮೆಷಿನ್ನು. "ಮೂರನೆಯವರು ಎಲ್ಲಿದಾರಮ್ಮಾ?"

"ಅಜ್ಜಂಪುರದಲ್ಲಿ ಹತ್ತುತ್ತಾರೆ" ಅಂದೆ ಹಿಂದಿನ ಸಾಲಿನಿಂದ.

"ಟಿಕೆಟ್ ಕಡೂರಿಂದ ಇದೆಯಲ್ಲ? ಹತ್ತೋ ಸ್ಟೇಷನ್ನು ಬದಲಾಯಿಸಿದೀರಾ? ಮೊದಲೇ ಬದಲಾಯಿಸ್ಬೇಕು. ಕಡೂರಲ್ಲಿ ಬಂದಿಲ್ಲ ಅಂದ್ರೆ ಆ ಸೀಟು ಖಾಲಿ ಅಂತ ಲೆಕ್ಕ." ಮೆಷಿನ್ನು ಒತ್ತಿಯೂ ಆಯಿತು. ಹಿಂದೆಯೇ ವೇಟಿಂಗ್ ಲಿಸ್ಟಿನ ಟಿಕೆಟ್ ಹಿಡಿದು ನಿಂತಿದ್ದ ಒಬ್ಬ ನಡುವಯಸ್ಸಿನ ಗಂಡಸಿಗೆ, "ನೀವ್ ಇಲ್ಲಿ ಕೂತ್ಕೊಳ್ಳಿ" ಅಂದರು.

ನನಗೆ ಮೈಯೆಲ್ಲ ಉರಿಯಿತು. ಇಂಥ ಒಂದು ಗುಂಡಿ ಆ್ಯಪಿನೊಳಗೆ ಇದ್ದಿದ್ದರೆ ಅದು ಎಲ್ಲಿತ್ತು? ವಿಮೆ ಬೇಕೇ ಅಂತ ನಾಲ್ಕು ಸಲ ಕೇಳಿದ್ದು, ಇದನ್ನು ಒಂದು ಸಲ ಕೇಳಬಾರದಿತ್ತೇ? ಅಷ್ಟರಲ್ಲಿ ದೊಡ್ಡಮ್ಮ ಕಾಲಡಿಯ ಚೀಲ ತಡಕಾಡಿ ತೊಡೆಯ ಮೇಲಿಟ್ಟುಕೊಂಡರು. ಮುಖ ಬಿಳುಚಿಕೊಂಡಿತ್ತು.

"ಚಿಕ್ಕೋಳ್ ಕೂರಲ್ಲ ಅಂದ್ಮೇಲೆ ನಾನ್ ಬರಲ್ಲ. ಅಜ್ಜಂಪುರದಲ್ಲೇ ಇಳೀತೀನಿ."

ನಾನು ಆ ಗಂಡಸಿಗೆ ನನ್ನ ಸೀಟು ತೋರಿಸಲು ಎದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಟವೆಲನ್ನು ನೋಡುತ್ತಾ ನಿಂತಿದ್ದರು.

"ಕೂತ್ಕೊಳ್ರೀ, ನಿಮ್ದೇ ಸೀಟು" ಅಂದರು ತಪಾಸಣೆಯವರು.

"ಟವೆಲ್ ಹಾಕವ್ರಲ್ಲ ಸಾರ್, ಹೆಂಗ್ ಕೂರೋದು?"

"ರೂಲ್ಸಲ್ಲಿ ಟವೆಲ್ ಇಲ್ಲ ಕಣ್ರೀ."

"ರೂಲ್ಸ್ ಪ್ರಕಾರ ಸೀಟು ನಂದೇ ತಾನೆ? ಹಂಗಾದ್ರೆ ನಾನ್ ಯಾರಿಗ್ ಬೇಕಾದ್ರೂ ಬಿಟ್ಕೊಡ್ತೀನಿ. ಆ ಯಮ್ಮ ಬಂದು ಕೂತ್ಕೊಳ್ಳಲಿ ಬಿಡಿ."

ತಪಾಸಣೆಯವರು ಅವರನ್ನು ನೋಡಿದರು, ದೊಡ್ಡಮ್ಮನ ಕಣ್ಣನ್ನು ನೋಡಿದರು, "ಏನಾದ್ರೂ ಮಾಡ್ಕೊಳ್ಳಿ" ಅಂತ ಮುಂದಿನ ಸಾಲಿಗೆ ಹೋದರು. ನಾನು ಆ ಗಂಡಸಿಗೆ ಕೈ ಮುಗಿದೆ. ಅವರು ಮುಜುಗರದಿಂದ ಬಾಗಿಲ ಕಡೆ ತಿರುಗಿಕೊಂಡರು.

ಅಜ್ಜಂಪುರದಲ್ಲಿ ಚಿಕ್ಕಮ್ಮ ಉಸಿರು ಬಿಡುತ್ತಾ ಹತ್ತಿದರು. ಟವೆಲ್ ಮಡಚಿ ಅಮ್ಮನಿಗೆ ಕೊಟ್ಟು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಕೂತರು. ದೊಡ್ಡಮ್ಮ ಅವರ ಕೈ ಹಿಡಿದವರು ಹುಬ್ಬಳ್ಳಿಯವರೆಗೂ ಬಿಡಲಿಲ್ಲ. ನನ್ನ ಸೀಟಿನಲ್ಲಿ ನಾನೂ ಆ ಗಂಡಸೂ ಸರದಿಯ ಮೇಲೆ ಕೂತೆವು. ಚಿಕ್ಕಮ್ಮನ ಮೆಸ್ಸಿನ ಚಪಾತಿಯಲ್ಲಿ ಅವರಿಗೂ ಪಾಲು ಹೋಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು, ಮೊದಲು ಬಲಗಣ್ಣಿಗೆ. ವಾಪಸ್ ಬರುವ ಟಿಕೆಟ್ಟಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮತ್ತೆ ಆ್ಯಪಿನ ಜೊತೆ ಗುದ್ದಾಡಿದೆ. ಸಿಕ್ಕಿದ್ದು ಒಂದು ಬೋಗಿಯಲ್ಲಿ ಮೂರು ಸೀಟು, ಅವೂ ಚೆಲ್ಲಾಪಿಲ್ಲಿ. ಪಕ್ಕದ ಬೋಗಿಯಲ್ಲಿ ಒಂದು, ಕಿಟಕಿಯ ಹತ್ತಿರ. ಈ ವಿಷಯವನ್ನು ದೊಡ್ಡಮ್ಮನಿಗೆ ಹೇಳುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ. ಯಾರಾದರೂ ಒಬ್ಬರು ಅವರ ಜೊತೆ ನಿಂತುಕೊಂಡೇ ಬರುವುದು ಅಂತ ನಾವು ಮೂವರೂ ಮಾತಾಡಿಕೊಂಡೆವು.

"ಕಿಟಕಿ ಸೀಟು ನಂಗ್ ಕೊಡು" ಅಂದರು ದೊಡ್ಡಮ್ಮ.

"ಒಬ್ರೇ ಕೂರ್ಬೇಕಾಗುತ್ತೆ ದೊಡ್ಡಮ್ಮ."

"ಕೂರ್ತೀನಿ, ಕೊಡೇ."

ಕಪ್ಪು ಕನ್ನಡಕ ಹಾಕಿಕೊಂಡು, ಚೀಲ ತಾವೇ ಹಿಡಿದುಕೊಂಡು ಹೋಗಿ ಕೂತರು. ನನಗೆ ಸಮಾಧಾನವಿರಲಿಲ್ಲ. ಮಧ್ಯೆ ಮಧ್ಯೆ ಹೋಗಿ ಇಣುಕಿ ಬರುತ್ತಿದ್ದೆ. ಪ್ರತಿ ಸಲವೂ ಹಣೆ ಕಿಟಕಿಯ ಸರಳಿಗೆ ಒತ್ತಿಕೊಂಡು ಹೊರಗೆ ನೋಡುತ್ತಲೇ ಇದ್ದರು, ನನ್ನನ್ನು ಕೇಳುವವರೇ ಇಲ್ಲ. ಅಜ್ಜಂಪುರದಲ್ಲಿ ಚಿಕ್ಕಮ್ಮ ಇಳಿಯಬೇಕಿತ್ತು. ಆ ಊರಿನ ಹತ್ತಿರ ರೈಲು ನಿಧಾನವಾದಾಗ, ದೊಡ್ಡಮ್ಮನಿಗೆ ಊರು ಬಂತು ಅಂತ ಹೇಳಲು ನಾನು ಮತ್ತೆ ಆ ಬೋಗಿಗೆ ಹೋದೆ. ಬಾಯಿ ತೆರೆಯುವುದರೊಳಗೆ ಅವರು ಕೈ ಅಡ್ಡ ಹಿಡಿದರು. ಹಳದಿ ಬೋರ್ಡು ಮೆಲ್ಲಗೆ ಕಿಟಕಿಗೆ ಬಂತು. ಅವರ ತುಟಿ ಒಂದೊಂದೇ ಅಕ್ಷರಕ್ಕೆ ಅಲುಗಿತು. ಆಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿಕೊಡು ಅಂದು, ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಲೇ, ಏಳೇ. ಅಜ್ಜಂಪುರ ಬಂತು."

ಅತ್ತ ಕಡೆಯಿಂದ ಚಿಕ್ಕಮ್ಮ ಕೂಗಿದ್ದು ನನಗೂ ಕೇಳಿಸಿತು. "ಯಾರಕ್ಕಾ ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ ಕಣೇ" ಅಂದರು ದೊಡ್ಡಮ್ಮ. "ಬೇಗ ಇಳ್ಕೋ, ನಿನ್ ಮುಖಾನೂ ಒಂದ್ಸಲ ನೋಡ್ಬೇಕು, ಕಿಟಕಿ ಹತ್ರ ಬಾ."