ಪಿಸ್ತೂಲು ರಿಪೇರಿಯವನು

ಪಿಸ್ತೂಲು ರಿಪೇರಿಯವನು ನಿಂತಲ್ಲಿ ನಿಲ್ಲುವವನಲ್ಲ, ಕೂತಲ್ಲಿ ಕೂರುವವನಲ್ಲ. ಗುಂಡು ಹಾರದಂತೆ ಟ್ರಿಗರ್ ತಡೆಹಿಡಿಯುವ ಸೇಫ್ಟಿ ಸವೆದಿದ್ದರೆ ಅದನ್ನು ತೆಗೆದು ಹೊಸದನ್ನು ಕೂರಿಸಿ, ಸೇಫ್ಟಿ ಹಾಕಿ, ಖಾಲಿ ಪಿಸ್ತೂಲಿನ ಟ್ರಿಗರ್ ಒತ್ತಿ ನೋಡುತ್ತಾನೆ. ಅದು ಜಪ್ಪಯ್ಯ ಎಂದರೂ ಅಲುಗದಿದ್ದಾಗಲೂ ಸಮಾಧಾನವಿಲ್ಲದೆ ಮತ್ತೆ ಬಿಚ್ಚುತ್ತಾನೆ. ಗಿರಾಕಿ "ಆಯ್ತೇನಪ್ಪಾ?" ಎಂದರೆ, "ಆಗಿದೆ, ಇನ್ನೊಂದ್ಸಲ ನೋಡ್ಬಿಡ್ತೀನಿ" ಎನ್ನುತ್ತಾನೆ. ಮನೆಯಲ್ಲೂ ಅದೇ ಗೋಳು: ತುತ್ತು ಬಾಯಲ್ಲಿರುವಾಗಲೇ ಎದ್ದು ಹೋಗಿ, ಹಾಕಿದ ಚಿಲಕವನ್ನೇ ಎಳೆದು ನೋಡುತ್ತಾನೆ. "ನಿನ್ನ ಕಾಲಿಗೂ ಒಂದು ಸೇಫ್ಟಿ ಹಾಕ್ಕೊಳ್ಳಪ್ಪ" ಎಂದು ಬೆಳೆದ ಮಗಳು ನಗುತ್ತಾಳೆ. ಅಂಗಡಿಗೆಲ್ಲ ಹೊಸದಾಗಿ ಬಣ್ಣ ಬಳಿಸಿದರೂ ಒಂದು ಗೋಡೆಯನ್ನು ಮಾತ್ರ ಅವನು ಯಾರಿಗೂ ಮುಟ್ಟಗೊಡಲಿಲ್ಲ. ಅದೇ ಮಗಳನ್ನು ಚಿಕ್ಕಂದಿನಲ್ಲಿ ಅಲ್ಲಿ ನಿಲ್ಲಿಸಿ, ಅವಳ ಎತ್ತರಕ್ಕೆ ಎಳೆದ ಪೆನ್ಸಿಲ್ ಗೆರೆಯಿದೆ. ಗೆರೆಗಿಂತ ಒಂದೇ ಬೆರಳು ಮೇಲೆ, ಸೇಫ್ಟಿ ಹಾಕಿದ್ದ ಪಿಸ್ತೂಲಿನಿಂದ ಅಂದು ಅವಳು ಅಲ್ಲಿ ನಿಂತಿದ್ದಾಗಲೇ ಹಾರಿದ ಗುಂಡಿನ ತೂತಿದೆ.