ಇದು ಯಾರ ಕೈ?

ಕೆತ್ತನೆ ಮೇಷ್ಟ್ರ ಉಗುರಿನ ಸಂದಿಯಲ್ಲಿ ಯಾವಾಗಲೂ ಗಂಧದ ಪುಡಿ ಕೂತಿರುತ್ತಿತ್ತು. ಸಾಗರದಲ್ಲಿ ಗಂಧದ ಕೆತ್ತನೆ ಕಲಿಸುತ್ತಿದ್ದ ಅವರು ಯಾವ ಕೊರಡನ್ನೂ ಕಂಡ ಕೂಡಲೇ ನಂಬಿದವರಲ್ಲ. ಮೂರು ಕಡೆ ಕೆರೆದು, ಮೂಸಿ, ಎಳೆ ಎತ್ತ ಹರಿದಿದೆ ಎಂದು ಖಾತ್ರಿಯಾದ ಮೇಲೇ ಉಳಿ ಇಡುವುದು. ಮನುಷ್ಯರ ವಿಷಯದಲ್ಲೂ ಅಷ್ಟೇ. ನಮ್ಮ ರಿಪ್ಪನ್‌ಪೇಟೆಯಲ್ಲಿ ಸಾಗರದ ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಆಮೇಲೆ ಡ್ರೈವರನ್ನೂ ವಿಚಾರಿಸಿಯೇ ಹತ್ತುವ ಆಸಾಮಿ.

ಒಮ್ಮೆ ಒಡೆದ ಗಾಜಿನ ಮೇಲೆ ಬಿದ್ದು ಬಲ ಮೊಣಕೈ ಹತ್ತಿರ ಆಳವಾಗಿ ಕೊಯ್ದುಕೊಂಡರು. ಹೊಲಿಗೆ ಬಿಚ್ಚಿದ ಮೇಲೆ ವ್ಯಾಯಾಮಕ್ಕೆಂದು ನನ್ನಲ್ಲಿಗೆ ಬಂದರು. ನಾನು ಫಿಸಿಯೋಥೆರಪಿ ಮುಗಿಸಿ ಆಗಷ್ಟೇ ಕ್ಲಿನಿಕ್ ತೆರೆದಿದ್ದೆ. ಗೋಡೆಯ ಮೇಲಿದ್ದ ನರಮಂಡಲದ ಪಟವೇ ನನಗೆ ವೇದವಾಕ್ಯ. ಕಿರುಬೆರಳಿನ ತುದಿ ಮಡಚಲು ಹೇಳಿದೆ, ಮಡಚಿದರು. ಪಟದ ಪ್ರಕಾರ, ಮೊಣಕೈಯ ಒಳಬದಿಯ ನರ ಕಡಿದಿದ್ದರೆ ಅದು ಮಡಚುವಂತೆಯೇ ಇರಲಿಲ್ಲ.

"ನರಕ್ಕೇನೂ ಆಗಿಲ್ಲ ಮೇಷ್ಟ್ರೆ. ಬೆರಳಿನ ಈ ಜೋಮು ಊತದ್ದು. ಮೂರು ತಿಂಗಳು ಕಾಯಿರಿ," ಎಂದೆ.

"ಬೆರಳು ಬಗ್ತದೆ, ಸರಿ. ಉಳಿ ನಿಲ್ತಾ ಇಲ್ವಲ್ಲ ಮಾರಾಯ್ರೆ." ಪಟದ ಹತ್ತಿರ ಹೋಗಿ ಅನುಮಾನದಿಂದ ನೋಡಿದರು. "ಇದು ಯಾರ ಕೈ?"

"ಯಾರದ್ದೂ ಅಲ್ಲ. ಎಲ್ಲರದ್ದೂ ಹೀಗೇ ಇರುತ್ತೆ."

"ಎರಡು ಕೊರಡು ಒಂದೇ ನಮೂನೆ ಇರೋದಿಲ್ಲ. ಕೈ ಇರ್ತದಾ?"

ವ್ಯಾಯಾಮಕ್ಕೆ ಸೋಮಾರಿತನ, ಅದಕ್ಕೇ ಈ ತಕರಾರು ಎಂದು ನನಗೆ ಗುಮಾನಿ. ಈ ಹುಡುಗಿಗೆ ಏನೂ ಗೊತ್ತಿಲ್ಲ ಎಂದು ಅವರಿಗೆ. ಮೂರು ತಿಂಗಳು ಹೀಗೇ ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡೆವು. ಕೊನೆಗೆ ಅವರೇ ದೊಡ್ಡ ಆಸ್ಪತ್ರೆಗೆ ಹೋದರು. ನರ ಪೂರ್ತಿ ಕಡಿದಿತ್ತು. ಆದರೆ ಅವರ ಮುಂಗೈಯಲ್ಲಿ, ಕಿರುಬೆರಳು ಮಡಚುವ ಸ್ನಾಯುವಿಗೆ ಪಕ್ಕದ ಇನ್ನೊಂದು ನರದಿಂದ ಕವಲು ಹೋಗಿತ್ತು. ಬೆರಳು ಬಗ್ಗಿದ್ದು ಅದರಿಂದ. ಕೆಲವರ ಕೈ ಹುಟ್ಟಿನಿಂದಲೇ ಹಾಗಿರುತ್ತದೆ. ನರ ಹೊಲಿದರು, ಆದರೆ ತಡವಾಗಿತ್ತು. ಕಿರುಬೆರಳು ಮತ್ತೆ ನೆಟ್ಟಗಾಗಲಿಲ್ಲ, ಸಣ್ಣ ಉಳಿ ಆ ಕೈಗೆ ಮತ್ತೆ ಒಗ್ಗಲಿಲ್ಲ.

ಶಸ್ತ್ರಚಿಕಿತ್ಸೆಯ ನಂತರ ಅವರು ಮತ್ತೆ ನನ್ನ ಬಾಗಿಲಲ್ಲಿ ನಿಂತಾಗ ನಾಚಿಕೆಯಿಂದ ಕುಗ್ಗಿಹೋದೆ. "ನನ್ನದು ತಪ್ಪಾಯ್ತು ಮೇಷ್ಟ್ರೆ. ಬೇರೆ ಕಡೆ ಹೋಗಿ," ಎಂದೆ.

ಅವರು ನನ್ನ ಮುಖವನ್ನು ಕೊರಡು ನೋಡಿದಷ್ಟು ಹೊತ್ತು ನೋಡಿದರು. "ತಪ್ಪಾಯ್ತು ಅಂದ್ರಲ್ಲ. ಇನ್ನು ನಂಬ್ಲಕ್ಕು," ಎನ್ನುತ್ತ ಕೂತು ಕೈ ಚಾಚಿದರು.

ಈಗ ನಾನು ಯಾರದೇ ಕೈ ಹಿಡಿದರೂ ಪಟಕ್ಕೆ ಬೆನ್ನು ಹಾಕಿಯೇ ಕೂರುತ್ತೇನೆ. ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಎದೆಯ ಮೇಲೆ ಜೋಡಿಸಿಟ್ಟಿದ್ದ ಕೈಗಳಲ್ಲಿ ಬಲಗಡೆಯ ಕಿರುಬೆರಳು ಮಾತ್ರ ಕೊಕ್ಕೆಯಂತೆ ಬಾಗಿಯೇ ಇತ್ತು. ನಾನು ಕಾಯಿಸಿದ ಮೂರು ತಿಂಗಳು ಅಲ್ಲಿತ್ತು.