ಎನಿಡ್ ನೋಡಿದ ಪೂರ್ತಿ ಆಟ

ನಮ್ಮೂರು ಮಾಸ್‌ಗಿಲ್‌ನ ಫುಟ್‌ಬಾಲ್ ಮೈದಾನದಲ್ಲಿ ಎನಿಡ್ ಆಕ್ರಾಯ್ಡ್ ಮೂವತ್ತೊಂದು ವರ್ಷ ಚಹಾ ಮಾರಿದಳು. ಅಷ್ಟು ವರ್ಷದಲ್ಲಿ ಅವಳು ಒಂದೇ ಒಂದು ಆಟವನ್ನೂ ಪೂರ್ತಿ ನೋಡಿರಲಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಪಕ್ಕದ ಮನೆಯವಳಾದ ನನಗೆ ಗೊತ್ತು.

ಚಹಾದ ಗೂಡು ಇರುವುದು ಮೈದಾನದ ಒಂದು ಮೂಲೆಯಲ್ಲಿ. ಹಲಗೆಯ ಗೋಡೆ, ತಗಡಿನ ಸೂರು, ಎದುರಿಗೊಂದು ಕಿಂಡಿ. ಕಿಂಡಿಯಿಂದ ಮೂಲೆಯ ಬಾವುಟ ಕಾಣುತ್ತದೆ, ಅದರ ಸುತ್ತ ಮಂಚದಷ್ಟು ಹುಲ್ಲು ಕಾಣುತ್ತದೆ, ಮಿಕ್ಕಿದ್ದೆಲ್ಲ ಗಂಡಸರ ಬೆನ್ನು. ಹಾಗಾಗಿ ಎನಿಡ್ ಆಟವನ್ನು ಕಿವಿಯಲ್ಲೇ ನೋಡುತ್ತಿದ್ದಳು. ಜನರ ಕೂಗು ಏರಿ ತಟ್ಟನೆ ಇಳಿದರೆ ಚೆಂಡು ಗೋಲುಕಂಬದ ಮೇಲಿಂದ ಹೋಯಿತು. ಏರಿ, ಒಂದು ಕ್ಷಣ ನಿಂತು, ಚಪ್ಪಾಳೆಯಾದರೆ ಗೋಲ್‌ಕೀಪರನ ಕೈಗೆ ಸಿಕ್ಕಿತು. ಇಡೀ ಮೈದಾನ ಸುಮ್ಮನಿದ್ದು ದೂರದಲ್ಲೆಲ್ಲೋ ಹತ್ತು ಹನ್ನೆರಡು ಜನ ಮಾತ್ರ ಕಿರುಚಿದರೆ ನಮ್ಮ ಮೇಲೆ ಗೋಲು ಬಿತ್ತು. ಅವಳ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಪರವೂರಿನ ಆಟಕ್ಕಾದರೂ ಹೋಗಬಹುದಿತ್ತಲ್ಲ ಎಂದು ಕೇಳುವವರುಂಟು. ಆಟ ಒಂದು ಶನಿವಾರ ನಮ್ಮೂರಲ್ಲಿ, ಮುಂದಿನ ಶನಿವಾರ ಬೇರೆ ಊರಲ್ಲಿ. ನಮ್ಮೂರಲ್ಲಿದ್ದ ಶನಿವಾರ, ಅವಳು ವಾರವಿಡೀ ದುಡಿಯುತ್ತಿದ್ದ ಬೇಕರಿಯವರು ಅವಳನ್ನು ಮಧ್ಯಾಹ್ನಕ್ಕೇ ಬಿಟ್ಟು ಗೂಡಿಗೆ ಕಳಿಸುತ್ತಿದ್ದರು. ಅದರ ಬದಲಿಗೆ ಇನ್ನೊಂದು ಶನಿವಾರ ಸಂಜೆ ಬಾಗಿಲು ಹಾಕುವವರೆಗೂ ಅವಳು ಬೇಕರಿಯಲ್ಲೇ ನಿಲ್ಲಬೇಕು. ಎಂಬತ್ತಾರನೇ ಇಸವಿ ಅಕ್ಟೋಬರಿನಲ್ಲಿ ಅವಳಿಗೆ ಅರವತ್ತು ತುಂಬಿ ಬೇಕರಿಯ ಕೆಲಸ ಮುಗಿಯಿತು. ಡಿಸೆಂಬರಿನ ಮೊದಲ ವಾರ ನನ್ನ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಂಡಳು.

"ಮೇವಿಸ್, ಶನಿವಾರ ವಿದರ್‌ಬಿಗೆ ಹೋಗೋಣ ಕಣೇ."

"ಈ ಚಳೀಲಾ?"

"ಮೊದಲ್ನೇ ಸೀಟಿಯಿಂದ ಕೊನೇ ಸೀಟಿವರೆಗೂ ನೋಡ್ಬೇಕು. ಒಂದೇ ಒಂದ್ಸಲ. ಆಮೇಲೆ ಸತ್ರೂ ಪರವಾಗಿಲ್ಲ."

"ಸಾಯೋದಾದ್ರೆ ಬಸ್ಸಲ್ಲಿ ಮಾತ್ರ ಬೇಡ. ಕ್ಲಿಫ್ ಬೈತಾನೆ."

ಕ್ಲಿಫ್ ಅಂದರೆ ಬಸ್ಸಿನ ಡ್ರೈವರು. ಆ ಶನಿವಾರ ಬಸ್ಸಿನಲ್ಲಿ ನಾವು ಇಪ್ಪತ್ತಾರು ಜನ. ಹಿಂದಿನ ಸೀಟಿನಲ್ಲಿ ನಾರ್ಮನ್ ಗ್ರೈಸ್‌ಡೇಲ್, ಅವನ ಡೋಲು, ಅವನ ಬಾಯಿ. ಹತ್ತೊಂಬತ್ತು ವರ್ಷದಿಂದ ಮಾಸ್‌ಗಿಲ್ ಆಡಿದ ಪರವೂರಿನ ಆಟ ಒಂದನ್ನೂ ಅವನು ತಪ್ಪಿಸಿರಲಿಲ್ಲ. ಅದನ್ನು ಯಾರಿಗೂ ಹೇಳದೆ ಬಿಟ್ಟಿರಲೂ ಇಲ್ಲ.

"ಎನಿಡ್, ಅಲ್ಲಿ ನನ್ನ ಪಕ್ಕಾನೇ ನಿಂತ್ಕೊಳ್ಳಿ," ಎಂದ. "ಯಾವ್ದು ಏನು ಅಂತ ನಾನು ಹೇಳ್ತೀನಿ."

"ನೀನು ಹೇಳೋದನ್ನ ಮೂವತ್ತೊಂದು ವರ್ಷದಿಂದ ಕೇಳ್ತಿದ್ದೀನಿ ನಾರ್ಮನ್. ಇವತ್ತು ನೋಡೋಕೆ ಬಂದಿದ್ದೀನಿ."

ಹೊರಡುವ ಮುಂಚೆ ಕ್ಲಿಫ್ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: ಸರಿಯಾಗಿ ಐದೂಕಾಲಿಗೆ ಬಸ್ಸು ವಿದರ್‌ಬಿ ಬಿಡುತ್ತದೆ, ಏಳಕ್ಕೆ ಅವನು ಬಿಂಗೋ ಆಡುವ ಹೆಂಗಸರನ್ನು ಕರೆದೊಯ್ಯಬೇಕು, ಆ ಹೆಂಗಸರಿಗೆ ಅವನು ಹೆದರುತ್ತಾನೆ, ನಮಗಲ್ಲ.

ವಿದರ್‌ಬಿಯ ಮೈದಾನ ಗುಡ್ಡದ ಸೊಂಟಕ್ಕೆ ಅಂಟಿಕೊಂಡಿದೆ. ಒಂದು ಗೋಲಿನಿಂದ ಇನ್ನೊಂದಕ್ಕೆ ಇಳಿಜಾರು, ಆಳುದ್ದ ಇಳಿಯುತ್ತದೆ ಎನ್ನುತ್ತಾರೆ. ನಾಲ್ಕು ಮೂಲೆಗೂ ಎತ್ತರದ ಕಂಬ, ಅದರ ಮೇಲೆ ದೊಡ್ಡ ದೀಪಗಳು. ತಿರುಗುಗೇಟಿನ ಒಳಗಿಂದ ಒಬ್ಬ ಮುದುಕ ನಮ್ಮ ಕೆಂಪು ಮಫ್ಲರುಗಳನ್ನು ನೋಡಿ ಹಿಂದಿದ್ದವನಿಗೆ ಹೇಳಿದ: "ಮಾಸ್‌ಗಿಲ್‌ನೋರು ಬಂದ್ರಪ್ಪ. ನಿಧಾನಕ್ಕೆ ಬಿಡು, ಪಾಪ, ದೀಪ ನೋಡಿ ಅಭ್ಯಾಸ ಇಲ್ಲ ಅವರಿಗೆ."

"ಟಿಕೆಟ್ ಹರಿ ಅಜ್ಜ, ಮಾತು ಆಮೇಲೆ," ಎಂದ ನಾರ್ಮನ್.

ಕೆಳಗಿನ ಗೋಲಿನ ಹಿಂದೆ ಕಬ್ಬಿಣದ ಕಟಕಟೆಗೆ ಒರಗಿ ನಿಂತೆವು. ಆ ಊರಿನವರು ಅತ್ತ, ಈ ಊರಿನವರು ಇತ್ತ ಎಂದು ನಮ್ಮ ಮಟ್ಟದ ಆಟದಲ್ಲಿ ಯಾರೂ ಬೇಲಿ ಹಾಕುವುದಿಲ್ಲ. ನಮ್ಮ ಪಕ್ಕದಲ್ಲೇ ವಿದರ್‌ಬಿಯ ಮೂವರು ಬಿಸಿ ಮಾಂಸದ ಪೈ ತಿನ್ನುತ್ತಿದ್ದರು. ಎನಿಡ್ ಕೈಗವಸು ಬಿಚ್ಚಿ, ಮತ್ತೆ ಹಾಕಿ, ಸೀಟಿ ಊದುವ ಮುಂಚೆಯೇ ಉಸಿರು ಹಿಡಿದಿದ್ದಳು.

ಮೊದಲ ಹತ್ತು ನಿಮಿಷ ಅವಳ ಕಣ್ಣು ಚೆಂಡಿನ ಹಿಂದೆಯೇ ಓಡಿತು. ಆಮೇಲೆ ನನ್ನ ತೋಳು ಹಿಡಿದಳು.

"ಮೇವಿಸ್, ನಮ್ಮ ಗೋಲ್‌ಕೀಪರ್ ಯಾವಾಗ್ಲೂ ಹಿಂಗೇ ಈ ತುದೀವರೆಗೂ ಕೇಳೋ ಹಾಗೆ ಮಾತಾಡ್ತಾನಾ?"

"ಯಾವಾಗ್ಲೂ."

"ಒಬ್ಬನೇ?"

"ಹಿಂದೆ ಆಡೋರಿಗೆ ಹೇಳ್ತಿರ್ತಾನೆ."

"ಅವರು ಕೇಳ್ತಾನೇ ಇಲ್ಲವಲ್ಲೇ. ನಾನು ಇಷ್ಟು ವರ್ಷ ಅವನು ತುಂಬಾ ಮೌನಿ ಹುಡುಗ ಅಂದ್ಕೊಂಡಿದ್ದೆ. ಚಹಾಕ್ಕೆ ಬಂದ್ರೆ ಬರೀ ಬೆರಳು ತೋರಿಸ್ತಾನೆ."

ಹನ್ನೆರಡನೇ ನಿಮಿಷಕ್ಕೆ ವಿದರ್‌ಬಿ ಇಳಿಜಾರಿಗೆ ಎದುರಾಗಿ ಚೆಂಡು ತಳ್ಳಿಕೊಂಡು ಹತ್ತಿ ಹೋಗಿ ಒಂದು ಗೋಲು ಹೊಡೆಯಿತು. ನಲವತ್ತನೇ ನಿಮಿಷಕ್ಕೆ ನಮ್ಮವನೊಬ್ಬನ ಮೊಣಕಾಲಿಗೆ ಬಡಿದು ಚೆಂಡು ಅವರ ಬಲೆಯೊಳಗೆ ಹೋಯಿತು. ಆ ಮೊಣಕಾಲಿಗೆ ಅದು ಗೊತ್ತಾಗಿತ್ತೋ ಇಲ್ಲವೋ. ನಾರ್ಮನ್ ಡೋಲು ಬಡಿದ, ಎಲ್ಲರೂ ಕುಣಿದರು. ಎನಿಡ್ ಮಾತ್ರ ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು.

"ಏನಾಯ್ತೇ?"

"ಗೋಲು ಬಿದ್ದಾಗೆಲ್ಲ ನನ್ನ ಕೈಲಿ ಚಹಾದ ಕೆಟಲು ಇರ್ತಿತ್ತು. ಈಗ ಈ ಕೈಗಳನ್ನ ಎಲ್ಲಿಡ್ಬೇಕೋ ಗೊತ್ತಾಗ್ಲಿಲ್ಲ."

ಅರ್ಧ ಆಟ ಮುಗಿದ ಕೂಡಲೇ ನಮ್ಮವರೆಲ್ಲ ಕಟಕಟೆಯ ಗುಂಟ ಮೇಲಿನ ಗೋಲಿನ ಕಡೆ ನಡೆದರು. ವಿದರ್‌ಬಿಯವರು ಎದುರಿನಿಂದ ಇಳಿದು ಬಂದರು. ತಂಡಗಳು ಗೋಲು ಬದಲಿಸಿದರೆ ಜನವೂ ಬದಲಿಸುತ್ತಾರೆ, ತಮ್ಮವರು ಗೋಲು ಹೊಡೆಯುವ ಕಡೆಯೇ ನಿಲ್ಲುವುದು. ದಾರಿಯಲ್ಲಿ ಹೆಗಲಿಗೆ ಹೆಗಲು ತಗುಲಿಸಿ ಒಂದಿಷ್ಟು ಬೈದುಕೊಂಡು, ಒಬ್ಬರ ಸಿಗರೇಟಿಗೆ ಇನ್ನೊಬ್ಬರು ಕಡ್ಡಿ ಗೀರಿ ಕೊಟ್ಟು ಮುಂದೆ ಹೋಗುತ್ತಾರೆ. ಎನಿಡ್ ನಡುದಾರಿಯಲ್ಲಿ ನಿಂತುಬಿಟ್ಟಳು.

"ಎಲ್ಲರೂ ಹಿಂಗೆ ಜಾಗ ಬದಲಿಸ್ತಾರಾ? ನಮ್ಮೂರಲ್ಲೂ?"

"ಹೂಂ ಮತ್ತೆ."

"ಅರ್ಧ ಆಟಕ್ಕೆ ಗೂಡಿನ ಮುಂದೆ ಅಷ್ಟೊಂದು ಜನ ನುಗ್ತಾರಲ್ಲ, ನನ್ನ ಚಹಾಕ್ಕೇ ಬರ್ತಾರೆ ಅಂತಿದ್ದೆ ನಾನು. ನನ್ನ ಮುಂದೆ ಹಾದು ಹೋಗ್ತಿದ್ರು, ಅಷ್ಟೇ." ಹೇಳಿ ತಾನೇ ನಕ್ಕಳು. "ಇರ್ಲಿ. ಹಾದು ಹೋಗೋರಿಗೂ ಬಾಯಾರುತ್ತಲ್ಲ."

ಆಟ ಮತ್ತೆ ಶುರುವಾಗಿ ಇಪ್ಪತ್ತೆರಡು ನಿಮಿಷವಾಗಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆ ಕಳೆದಿತ್ತು. ನಾಲ್ಕು ಕಂಬಗಳ ಮೇಲಿನ ದೀಪಗಳು ಒಮ್ಮೆ ಗುಂಯ್ ಎಂದವು, ಒಟ್ಟಿಗೇ ಆರಿದವು. ಎಲ್ಲೋ ಚೆಂಡು ಯಾರದೋ ಮೈಗೆ ಬಡಿದ ಸದ್ದು, ಒಂದು ಕೆಟ್ಟ ಮಾತು. ಆಮೇಲೆ ಕತ್ತಲಲ್ಲಿ ನಾರ್ಮನ್ ದನಿ:

"ಗೇಟಿನ ಅಜ್ಜಾ, ಯಾರಿಗೋ ದೀಪದ ಅಭ್ಯಾಸ ಇಲ್ಲ ಅಂತಿದ್ದಿರಲ್ಲ, ಎಲ್ಲಿದ್ದೀರಿ?"

ವಿದರ್‌ಬಿಯವರೂ ನಕ್ಕರು. ಎನಿಡ್ ನಗಲಿಲ್ಲ, ನನ್ನ ಕೈ ಹಿಡಿದುಕೊಂಡಳು. ರೆಫರಿ ಒಂದು ಟಾರ್ಚು ಹಿಡಿದು ಕಟಕಟೆಯ ಹತ್ತಿರ ಬಂದು, ಐದು ಗಂಟೆಯವರೆಗೆ ಕಾಯುತ್ತೇನೆ, ಅಷ್ಟರೊಳಗೆ ದೀಪ ಬಾರದಿದ್ದರೆ ಆಟ ರದ್ದು ಎಂದ. ರದ್ದಾದರೆ ಈ ಆಟ ಆಡಿಯೇ ಇಲ್ಲ ಎಂದೇ ಲೆಕ್ಕ. ಇನ್ಯಾವಾಗಲೋ ಮೊದಲಿಂದ ಆಡಿಸುತ್ತಾರೆ, ವಾರದ ನಡುವೆ. ಎನಿಡ್ ಕೇಳಿ ನನ್ನ ಕೈ ಬಿಟ್ಟಳು.

ಚಳಿಗೆ ಎಲ್ಲರೂ ಚಹಾದ ಗೂಡಿನ ಮುಂದೆ ಸಾಲುಗಟ್ಟಿದರು. ಒಲೆ ಗ್ಯಾಸಿನದಾದ್ದರಿಂದ ಉರಿಯುತ್ತಿತ್ತು. ಒಳಗೆ ಒಂದು ಮೋಂಬತ್ತಿ, ಮ್ಯೂರಿಯಲ್ ಎಂಬ ದಪ್ಪ ಹೆಂಗಸು ಒಬ್ಬಳೇ. ಸಾಲು ಅಲುಗುತ್ತಲೇ ಇರಲಿಲ್ಲ. ನಮ್ಮವರೆಲ್ಲ ಎನಿಡ್ ಕಡೆ ತಿರುಗಿದರು.

"ಒಳಗೆ ಹೋಗಿ ಎನಿಡ್, ಕಾಲು ಹೆಪ್ಪುಗಟ್ತಿದೆ."

"ನಾನಿವತ್ತು ಆಟ ನೋಡೋಕೆ ಬಂದೋಳು." ಒಂದು ನಿಮಿಷ ಸಾಲು ನೋಡಿದಳು. "ಚೆಂಡು ನಿಂತಿರೋವರೆಗೆ ಮಾತ್ರ. ಓಡಿದ್ರೆ ನಾನಿಲ್ಲ."

ಗೂಡಿನ ಬಾಗಿಲು ತಳ್ಳಿ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಲೋಟ ತೊಳೆದೆ. ಐದು ನಿಮಿಷಕ್ಕೆ ಸಾಲು ಅರ್ಧವಾಯಿತು. ಮ್ಯೂರಿಯಲ್ ಅವಳ ಕೈಯನ್ನೇ ನೋಡುತ್ತಿದ್ದಳು.

"ನಿಮ್ದೂ ಇದೇ ಕೆಲಸವಾ ತಾಯಿ?"

"ಮೂವತ್ತೊಂದು ವರ್ಷ."

"ನಂದು ಇಪ್ಪತ್ತಾರು. ಆಟ ಹೆಂಗಿದೆ?"

"ಚೆನ್ನಾಗಿದೆ. ನಿಮ್ಮ ನಾಲ್ಕನೇ ನಂಬರಿನೋನು ಸೋಮಾರಿ."

"ನನ್ನ ತಂಗಿ ಮಗ."

"ಹಾಗಾದ್ರೆ ಮನೇಲಿ ಸರಿಯಾಗಿ ಊಟ ಹಾಕಿ."

ಮ್ಯೂರಿಯಲ್ ನಗುತ್ತ ಸಕ್ಕರೆ ಚೆಲ್ಲಿದಳು. ಆಚೆ ಯಾರೋ ಕಂಬದ ಬುಡದ ಪೆಟ್ಟಿಗೆ ಬಿಚ್ಚಿ ಬಡಿಯುತ್ತಿದ್ದರು. ಎನಿಡ್ ಸುರಿಯುತ್ತಲೇ ಇದ್ದಳು, ಆದರೆ ಪ್ರತಿ ಲೋಟಕ್ಕೊಮ್ಮೆ ಗಡಿಯಾರ ನೋಡುತ್ತಿದ್ದಳು. ಐದಕ್ಕೆ ಹತ್ತು. ಐದಕ್ಕೆ ಆರು. ಐದಕ್ಕೆ ಎರಡಿದೆ ಎನ್ನುವಾಗ ಹೊರಗೆ ಗುಂಯ್ ಎಂದಿತು, ನಾಲ್ಕೂ ಕಂಬಗಳಲ್ಲಿ ನೀಲಿ ಬೆಳಕು ಮಿಣುಕಿತು. ಎನಿಡ್ ಕೆಟಲನ್ನು ಅಲ್ಲೇ ಇಟ್ಟು ಕೈ ಒರೆಸಿಕೊಂಡಳು.

"ನನ್ನ ಚಹಾ ಅರ್ಧ ಸುರಿದಿದ್ದೀರಲ್ಲ," ಎಂದ ಕಿಂಡಿಯ ಮುಂದಿದ್ದವನು.

"ಇನ್ನರ್ಧ ನೀನೇ ಸುರ್ಕೊ. ಕೈ ಇದೆಯಲ್ಲ." ಮ್ಯೂರಿಯಲ್ ಕಡೆ ತಿರುಗಿದಳು. "ನೀವೂ ಬನ್ನಿ."

"ಅಯ್ಯೋ ಬೇಡಮ್ಮ. ಈ ಮೈದಾನದಲ್ಲಿ ಬೆಚ್ಚಗಿರೋ ಜಾಗ ಇದೊಂದೇ."

ದೀಪ ಪೂರ್ತಿ ಹೊತ್ತಿಕೊಳ್ಳಲು, ಆಟಗಾರರು ಕಾಲು ಸಡಿಲಿಸಿಕೊಳ್ಳಲು ಇನ್ನೂ ಹತ್ತು ನಿಮಿಷ ಹಿಡಿಯಿತು. ರೆಫರಿ ಚೆಂಡನ್ನು ಕೆಳಗಿಡುವ ಹೊತ್ತಿಗೆ ಕ್ಲಿಫ್ ಬೀಗದ ಕೈ ಆಡಿಸುತ್ತ ಗೇಟಿನೊಳಗೆ ಬಂದ.

"ಹೊರಡ್ತಾ ಇದ್ದೀನಿ. ಬರೋರು ಬನ್ನಿ. ಈ ಊರಿಂದ ಶನಿವಾರ ಬೇರೆ ಬಸ್ಸಿಲ್ಲ, ಗೊತ್ತಲ್ಲ?"

ಇನ್ನೂ ಇಪ್ಪತ್ಮೂರು ನಿಮಿಷದ ಆಟ ಉಳಿದಿತ್ತು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಿಗೆ ರಾತ್ರಿಪಾಳಿ, ಒಬ್ಬನಿಗೆ ಕಾಯಿಲೆಯ ಹೆಂಡತಿ. ಒಬ್ಬೊಬ್ಬರಾಗಿ ನಡೆದರು. ನಾರ್ಮನ್ ಡೋಲು ಹೆಗಲಿಗೇರಿಸಿದ್ದನ್ನು ಕಂಡು ನನಗೇ ನಂಬಲಾಗಲಿಲ್ಲ.

"ನನ್ನ ಅತ್ತೆ ಬಂದಿದ್ದಾರೆ," ಎಂದ ಅವನು, ನೆಲ ನೋಡುತ್ತ. "ಒಂದೊಂದು ಗೋಲು. ಇನ್ನೇನಾಗುತ್ತೆ? ಬನ್ನಿ ಎನಿಡ್, ಹಠ ಮಾಡ್ಬೇಡಿ. ಮನೆಗೆ ಹೆಂಗೆ ಹೋಗ್ತೀರಿ?"

"ಅದು ಆಟ ಮುಗಿದ ಮೇಲಿನ ಮಾತು."

"ಮೇವಿಸ್, ನೀವಾದ್ರೂ ಹೇಳಿ."

ನನ್ನ ಮೊಣಕಾಲು ಬಸ್ಸಿನ ಸೀಟನ್ನು ನೆನೆಯುತ್ತಿತ್ತು. ಆದರೆ ಎನಿಡ್ ಆಗಲೇ ಕಟಕಟೆಗೆ ಒರಗಿ ಮೈದಾನದ ಕಡೆ ಮುಖ ಮಾಡಿದ್ದಳು. ನಾನು ಹೋಗಿ ಅವಳ ಪಕ್ಕ ನಿಂತೆ. ಹಿಂದೆ ಬಸ್ಸು ಹೊರಟ ಸದ್ದು ಕೇಳಿತು. ಅವಳು ತಿರುಗಲಿಲ್ಲ.

ಆ ಇಪ್ಪತ್ಮೂರು ನಿಮಿಷದಲ್ಲಿ ಏನೂ ಆಗಲಿಲ್ಲ. ಕೆಸರು, ತಳ್ಳಾಟ, ಚೆಂಡು ಎರಡು ಸಲ ತಗಡಿನ ಸೂರಿನ ಮೇಲೆ ಹೋಗಿ ಪಕ್ಕದ ತೋಟದಲ್ಲಿ ಬಿತ್ತು. ನಮ್ಮವರು ಗುಡ್ಡ ಹತ್ತಲಾರದೆ, ಅವರು ಇಳಿಯಲಾರದೆ ಸುಸ್ತಾದರು. ಎನಿಡ್ ಒಂದನ್ನೂ ಬಿಡಲಿಲ್ಲ. ಹೊರಗೆ ಹೋದ ಚೆಂಡನ್ನು ಯಾರು ತರುತ್ತಾರೆ, ಬಿದ್ದವನನ್ನು ಯಾರು ಎಬ್ಬಿಸುತ್ತಾರೆ, ಗೋಲ್‌ಕೀಪರ್ ಈಗ ಯಾರನ್ನು ಬೈಯುತ್ತಾನೆ, ಎಲ್ಲವನ್ನೂ ನೋಡಿದಳು. ರೆಫರಿ ಮೂರು ಸಲ ಉದ್ದಕ್ಕೆ ಸೀಟಿ ಊದಿದ.

"ಇದೇನಾ ಕೊನೇದು?"

"ಇದೇ."

"ಸರಿ," ಎಂದಳು. ನಿಧಾನವಾಗಿ, ಎಣಿಸಿದಂತೆ, ಚಪ್ಪಾಳೆ ತಟ್ಟಿದಳು. ಆ ಕಡೆಯ ಕಟಕಟೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಸದ್ದು ಚೆನ್ನಾಗಿ ಕೇಳಿತು. ನಮ್ಮ ಗೋಲ್‌ಕೀಪರ್ ತಿರುಗಿ ನೋಡಿ, ಯಾರೆಂದು ಗುರುತು ಸಿಕ್ಕಿ, ಕೋಚಿನ ಹತ್ತಿರ ಹೋಗಿ ಏನೋ ಹೇಳಿದ. ಆಟಗಾರರ ಬಸ್ಸಿನಲ್ಲಿ, ಒದ್ದೆ ಬಟ್ಟೆಯ ಚೀಲಗಳ ಪಕ್ಕ, ನಮಗೆ ಎರಡು ಸೀಟು ಸಿಕ್ಕಿತು. ಆ ಗೋಲ್‌ಕೀಪರ್ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಮುಂದಿನ ಶನಿವಾರ ಆಟ ನಮ್ಮೂರಲ್ಲಿ. ಗೂಡು ತೆರೆಯುವ ಮೊದಲೇ ನಾರ್ಮನ್ ಬಂದು ಕಿಂಡಿಗೆ ಮೊಣಕೈ ಊರಿದ.

"ಎನಿಡ್," ಎಂದ ತಗ್ಗಿದ ದನಿಯಲ್ಲಿ, "ನಾವು ಹೋದ ಮೇಲೆ ಏನೇನಾಯ್ತು?"

"ಚುಟುಕಾಗಿ ಹೇಳ್ಲಾ, ಪೂರ್ತಿ ಹೇಳ್ಲಾ?"

ಅವನು ಹಿಂದೆ ಬೆಳೆಯುತ್ತಿದ್ದ ಸಾಲನ್ನು ನೋಡಿದ. "ಪೂರ್ತಿ," ಎಂದ.

ಅವಳು ಕೆಟಲು ಕೆಳಗಿಟ್ಟು, ದೀಪ ಬಂದ ಮೇಲೆ ರೆಫರಿ ಚೆಂಡನ್ನು ನೆಲಕ್ಕಿಟ್ಟಲ್ಲಿಂದ ಶುರು ಮಾಡಿದಳು. ಹೇಳಿ ಮುಗಿಸಲು ಇಪ್ಪತ್ಮೂರು ನಿಮಿಷಕ್ಕಿಂತ ಹೆಚ್ಚೇ ಹಿಡಿಯಿತು. ಸಾಲಿನಲ್ಲಿದ್ದವರು ಮೊದಮೊದಲು ಗೊಣಗಿದರು, ಆಮೇಲೆ ಹತ್ತಿರ ಸರಿದು ನಿಂತರು.